ಆಷಾಢಕ್ಕೆ ಅಟ್ಟ ಹತ್ತುವ ಹಿತ್ತಾಳೆ

ಆಷಾಢ ಬಂತೆಂದರೆ ಲಗ್ನಗಳಿಲ್ಲ. ಲಗ್ನಗಳಿಲ್ಲವೆಂದರೆ ಬ್ಯಾಂಡ್ ಸೆಟ್ಟಿನವರಿಗೆ ಕೆಲಸವಿಲ್ಲ. ಟ್ರಂಪೆಟ್, ಟ್ರಾಂಬೋನ್, ಯೂಫೋನಿಯಂ ಎಲ್ಲ ಪೆಟ್ಟಿಗೆ ಸೇರಿ ಅಟ್ಟ ಹತ್ತುತ್ತವೆ. ಕರಾವಳಿಯಲ್ಲಿ ಈ ಬಿಡುವು ಇನ್ನೂ ಉದ್ದ. ಜೂನ್‌ನಲ್ಲಿ ಹಿಡಿದ ಮಳೆ ಬಿಡುವ ತನಕ ಬಯಲಲ್ಲಿ ಮೆರವಣಿಗೆ ಹೊರಡುವುದೇ ಅಪರೂಪ. ಮಂಗಳೂರಿನ ಕ್ಯಾಥೊಲಿಕ್ ಮದುವೆಗಳಿಗೆ ಊದುವ ಬ್ರಾಸ್ ಬ್ಯಾಂಡಿಗೆ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲೂ ಬಿಡುವೇ. ಶ್ರಾವಣಕ್ಕೋ ಗಣೇಶನ ಹಬ್ಬಕ್ಕೋ ಪೆಟ್ಟಿಗೆ ಕೆಳಗಿಳಿಸಿ ನೋಡಿದರೆ ಒತ್ತಿದ ಪಿಸ್ಟನ್ ಮೇಲೇಳುವುದಿಲ್ಲ, ಸ್ಲೈಡ್ ಅಲ್ಲಾಡುವುದಿಲ್ಲ, ಮೌತ್‌ಪೀಸ್ ಕಳಚುವುದಿಲ್ಲ. ಸುಮ್ಮನೆ ಬಿದ್ದಿತ್ತಲ್ಲ, ಅದಕ್ಕೇ ಹೀಗೆ ಎಂದು ಎಲ್ಲರೂ ಹೇಳುತ್ತಾರೆ.

ಸುಮ್ಮನೆ ಬಿದ್ದಿದ್ದರಿಂದ ಹಿತ್ತಾಳೆ ಕೆಡುವುದಿಲ್ಲ. ಕೊನೆಯ ಮೆರವಣಿಗೆಯ ದಿನ ಕೊಳವೆಯೊಳಗೆ ಉಳಿದ ನೀರು, ಜೊಲ್ಲು, ಹಳೆ ಎಣ್ಣೆಯ ಜಿಡ್ಡು ತಿಂಗಳುಗಟ್ಟಲೆ ಕತ್ತಲಲ್ಲಿ ಕೂತು ಮಾಡುವ ಕೆಲಸ ಅದು. ಆದ್ದರಿಂದ ವಾದ್ಯವನ್ನು ಉಳಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಅದನ್ನು ಎತ್ತಿಡುವ ದಿನವೇ ಮುಗಿಯಬೇಕು. ನಮ್ಮಲ್ಲಿ ನಡೆಯುವುದು ಇದರ ತಿರುವುಮುರುವು. ಇಡುವಾಗ ಹೊರಗೊಂದು ಸಲ ಬಟ್ಟೆಯಲ್ಲಿ ಒರೆಸುತ್ತೇವೆ, ತೆಗೆಯುವಾಗ ಬೆವರು ಸುರಿಸುತ್ತೇವೆ.

“ಹಿತ್ತಾಳೆಗೆ ತುಕ್ಕು ಹಿಡಿಯಲ್ಲ, ಹೇಗಿಟ್ಟರೂ ನಡೆಯುತ್ತೆ”

ಮೊದಲರ್ಧ ನಿಜ. ತುಕ್ಕು ಕಬ್ಬಿಣಕ್ಕೆ ಬರುವ ರೋಗ, ಹಿತ್ತಾಳೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ವಾದ್ಯಗಳಿಗೆ ಹೆಚ್ಚಾಗಿ ಬಳಸುವ ಹಳದಿ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಆದರೆ ಕೊಳವೆಯೊಳಗಿನ ನೀರು ಹೊರಬಿಡುವ ವಾಟರ್ ಕೀಯ ಸ್ಪ್ರಿಂಗ್, ಸಣ್ಣಪುಟ್ಟ ಸ್ಕ್ರೂಗಳು ಸಾಮಾನ್ಯವಾಗಿ ಉಕ್ಕಿನವು. ಅವಕ್ಕೆ ತುಕ್ಕು ಹಿಡಿದೇ ಹಿಡಿಯುತ್ತದೆ.

ಹಿತ್ತಾಳೆಗೂ ತನ್ನದೇ ಕಾಯಿಲೆಗಳಿವೆ. ಮೇಲೆ ಕಾಣುವ ಹಸಿರು ಕಿಲುಬು ಅವುಗಳಲ್ಲಿ ಸೌಮ್ಯವಾದದ್ದು, ಒರೆಸಿದರೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು ಒಳಗಿನಿಂದ ಬರುತ್ತದೆ. ತೇವವೂ ಹುಳಿಯೂ ಸೇರಿದ ಕೊಳೆ ಕೊಳವೆಯ ಒಳಗೋಡೆಗೆ ಅಂಟಿಕೊಂಡು ಮಿಶ್ರಲೋಹದ ಸತುವನ್ನು ಮಾತ್ರ ಕರಗಿಸಿ ಎಳೆದುಕೊಳ್ಳುತ್ತದೆ. ಉಳಿಯುವುದು ತೂತುತೂತಾದ, ಸತ್ವವಿಲ್ಲದ ತಾಮ್ರ. ಹೊರಮೈಯಲ್ಲಿ ನಸುಗೆಂಪು ಚುಕ್ಕೆ, ಅದರ ನಡುವೆ ಒಂದು ಕಪ್ಪು ಬಿಂದು ಕಂಡಿತೆಂದರೆ ಗೋಡೆ ಒಳಗಿನಿಂದ ಹೆಚ್ಚುಕಡಿಮೆ ತಿಂದುಹೋಗಿದೆ ಎಂದರ್ಥ. ಇದು ಮೊದಲು ಕಾಣುವುದು ಮೌತ್‌ಪೀಸ್ ಸಿಕ್ಕಿಸುವ ಕೊಳವೆಯಲ್ಲಿ, ಯಾಕೆಂದರೆ ಬಾಯಿಗೆ ಹತ್ತಿರ ಇರುವುದು ಅದೇ. ಈ ಕಾರಣಕ್ಕೇ ಹಲವು ತಯಾರಕರು ಆ ಒಂದು ಕೊಳವೆಯನ್ನು ತಾಮ್ರ ಹೆಚ್ಚಿರುವ, 85 ಅಥವಾ 90 ಪಾಲಿನ, ಕೆಂಪು ಛಾಯೆಯ ಹಿತ್ತಾಳೆಯಲ್ಲಿ ಮಾಡುತ್ತಾರೆ. ಸತು ಕಡಿಮೆಯಾದಷ್ಟೂ ಕಳೆದುಕೊಳ್ಳುವುದೂ ಕಡಿಮೆ.

ಅಂದಹಾಗೆ, ವಾಟರ್ ಕೀ ಒತ್ತಿದಾಗ ಸುರಿಯುವುದು ಬರೀ ಉಗುಳೆಂದು ನೋಡುವವರು ಮುಖ ಸಿಂಡರಿಸುತ್ತಾರೆ. ಅದರಲ್ಲಿ ಬಹುಪಾಲು ಉಸಿರಿನ ಆವಿ ತಣ್ಣನೆಯ ಲೋಹಕ್ಕೆ ತಾಗಿ ನೀರಾದದ್ದು. ಹಾಗೆಂದು ಅದು ನಿರುಪದ್ರವಿಯೇನಲ್ಲ. ಊಟ ಮಾಡಿ ಬಾಯಿ ಮುಕ್ಕಳಿಸದೆ ಊದಿದರೆ ಸಾರಿನ ಹುಳಿಯೂ ಪಾಯಸದ ಸಕ್ಕರೆಯೂ ಅದರೊಂದಿಗೆ ಒಳಗೆ ಹೋಗುತ್ತವೆ. ಮದುವೆ ಮನೆಯಲ್ಲಿ ಊಟ ಬಿಡಿ ಎನ್ನಲಾಗದು, ಬಾಯಿ ಮುಕ್ಕಳಿಸಿ ಎನ್ನಬಹುದು.

“ಹುಣಸೆಹಣ್ಣಲ್ಲಿ ತಿಕ್ಕಿಟ್ಟರೆ ಹೊಸದರ ಹಾಗಿರುತ್ತೆ”

ದೇವರ ಮನೆಯ ದೀಪಕ್ಕೆ ಸರಿ, ಟ್ರಂಪೆಟ್ಟಿಗೆ ಅಲ್ಲ. ಹುಣಸೆಯ ಹುಳಿ ಹಿತ್ತಾಳೆಯ ಮೇಲಿನ ಮಬ್ಬನ್ನು ಕರಗಿಸುತ್ತದೆ ಎನ್ನುವುದು ಅಜ್ಜಿಯರಿಗೆಲ್ಲ ಗೊತ್ತಿದ್ದ ಸತ್ಯ. ಆದರೆ ದೀಪದ ಕಂಬ ಎರಕದ ದಪ್ಪ ಲೋಹ. ಟ್ರಂಪೆಟ್ಟಿನ ಬಾಯಿಯ ತಗಡು ಸುಮಾರು ಅರ್ಧ ಮಿಲಿಮೀಟರ್. ಜೊತೆಗೆ ಹೆಚ್ಚಿನ ವಾದ್ಯಗಳ ಮೇಲೆ ಪಾರದರ್ಶಕ ಲ್ಯಾಕರ್ ಇರುತ್ತದೆ, ಇಲ್ಲವೆ ಬೆಳ್ಳಿಯ ಲೇಪ. ಲ್ಯಾಕರ್ ಇದ್ದಲ್ಲಿ ನೀವು ತಿಕ್ಕುತ್ತಿರುವುದು ಹಿತ್ತಾಳೆಯನ್ನೇ ಅಲ್ಲ, ಅದನ್ನು ಕಾಯುತ್ತಿರುವ ಪದರವನ್ನು. ಬೆಳ್ಳಿ ಲೇಪದ್ದಾದರೆ ಪಾಲಿಶ್ ಹಾಕಿದ ಪ್ರತಿಸಲವೂ ಬೆಳ್ಳಿ ಒಂದಿಷ್ಟು ಬಟ್ಟೆಗೆ ಬರುತ್ತದೆ. ಕಪ್ಪಾದ ಬಟ್ಟೆ ನೋಡಿ ಕೊಳೆ ಹೋಯಿತೆಂದು ಖುಷಿಪಡುವವರಿಗೆ ಇದು ತಿಳಿದಿರಲಿ. ಪಾತ್ರೆ ತಿಕ್ಕುವ ಪುಡಿ, ಬೂದಿ, ನಿಂಬೆಸಿಪ್ಪೆ, ಬ್ರಾಸೊ ಎಲ್ಲಕ್ಕೂ ಇದೇ ಮಾತು. ಇನ್ನು ಕೀಲು, ಬೆಸುಗೆಗಳ ಸಂದಿಯಲ್ಲಿ ಸಿಕ್ಕಿಕೊಂಡ ಹುಣಸೆ ಹಿಪ್ಪೆ ಮಳೆಗಾಲ ಪೂರ್ತಿ ಅಲ್ಲೇ ಇದ್ದು ತನ್ನ ಕೆಲಸ ಮುಂದುವರಿಸುತ್ತದೆ.

ವಾದ್ಯ ಮೀರತ್‌ನದಾಗಿರಲಿ ಯಮಹಾ ಆಗಿರಲಿ, ಅದಕ್ಕೆ ಬೇಕಿರುವುದು ಒಳಗಿನ ಸ್ನಾನ. ಬಕೆಟ್ಟಿನಲ್ಲಿ ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ. ಕುದಿನೀರು ಬೇಡ, ಲ್ಯಾಕರ್ ಏಳುತ್ತದೆ. ಪಿಸ್ಟನ್‌ಗಳನ್ನು ತೆಗೆದು ಬೇರೆ ಇಡಿ. ಅವುಗಳ ಮೇಲೆ 1, 2, 3 ಎಂದು ಕೊರೆದಿರುತ್ತದೆ, ವಾಪಸ್ ಹಾಕುವಾಗ ಅದಲುಬದಲಾದರೆ ಗಾಳಿಯೇ ಹೋಗದು. ಪಿಸ್ಟನ್ನಿನ ಫೆಲ್ಟ್ ನೆನೆಯಬಾರದು. ಸ್ಲೈಡ್‌ಗಳನ್ನೆಲ್ಲ ಕಳಚಿ, ಬಾಗುವ ತಂತಿಯ ಬ್ರಷ್ ಒಳಗೆ ಓಡಿಸಿ, ಒಳ್ಳೆಯ ನೀರಿನಲ್ಲಿ ಜಾಲಿಸಿ. ಬೋರ್‌ವೆಲ್ಲಿನ ಗಡಸು ನೀರಾದರೆ ಹಾಗೇ ಒಣಗಲು ಬಿಡದೆ ಬಟ್ಟೆಯಿಂದ ಒರೆಸಿ, ಇಲ್ಲವಾದರೆ ಸುಣ್ಣದ ಕಲೆ ಕೂರುತ್ತದೆ. ಆಮೇಲೆ ನೆರಳಲ್ಲಿ, ಗಾಳಿಯಾಡುವ ಕಡೆ, ಒಂದು ರಾತ್ರಿ ಪೂರ್ತಿ ಬಿಚ್ಚಿಡಿ. ಇಷ್ಟನ್ನು ಮಾಡಿದವರು ಹೊಳಪಿನ ಚಿಂತೆ ಬಿಡಬಹುದು. ಮಬ್ಬಾದ ಟ್ರಂಪೆಟ್ಟಿನ ನಾದ ಮಬ್ಬಾಗುವುದಿಲ್ಲ.

ಒಂದು ಎಚ್ಚರಿಕೆ. ಸ್ಯಾಕ್ಸೊಫೋನಿಗೆ ಈ ಸ್ನಾನ ಮಾಡಿಸಬೇಡಿ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ ಮನಸೋತ ಕದ್ರಿ ಗೋಪಾಲನಾಥರಿಂದಾಗಿ ನಮ್ಮ ದೇವಸ್ಥಾನ, ಛತ್ರಗಳಲ್ಲೆಲ್ಲ ಅದು ಮನೆಮಾತಾಗಿದೆ. ಹಿತ್ತಾಳೆಯದೇ ಮೈಯಾದರೂ ಅದು ರೀಡಿನ ವಾದ್ಯ. ತೂತು ಮುಚ್ಚುವ ಪ್ಯಾಡುಗಳು ಚರ್ಮದವು, ನೆನೆದರೆ ಉಬ್ಬಿ ಕೆಡುತ್ತವೆ. ದಾರಕ್ಕೆ ಕಟ್ಟಿದ ಬಟ್ಟೆಯನ್ನು ಒಳಗಿಂದ ಎಳೆದು ತೇವ ತೆಗೆದರೆ ಸಾಕು. ರೀಡನ್ನು ಕಳಚಿ ಬೇರೆಯಾಗಿ ಒಣಗಿಸಿ.

“ಎಣ್ಣೆ ಅಂದ್ರೆ ಎಣ್ಣೆ”

ಕೊಬ್ಬರಿ ಎಣ್ಣೆ, ಹೊಲಿಗೆ ಮಿಷನ್ ಎಣ್ಣೆ, ಸೀಮೆಎಣ್ಣೆ: ಮೂರಕ್ಕೂ ಭಕ್ತರಿದ್ದಾರೆ. ಪಿಸ್ಟನ್ನಿಗೂ ಅದರ ಗೂಡಿಗೂ ನಡುವಿನ ಸಂದು ತಲೆಗೂದಲಿಗಿಂತ ಕಿರಿದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಅದಕ್ಕಿಂತ ತಂಪಿರುವ ದಿನಗಳೇ ಹೆಚ್ಚು. ಹಳತಾದರೆ ಕಮಟಿ ಅಂಟಾಗುತ್ತದೆ. ಮಿಷನ್ ಎಣ್ಣೆ ಈ ಸಂದಿಗೆ ದಪ್ಪವಾಯಿತು. ಸೀಮೆಎಣ್ಣೆ ತೆಳುವಾಗಿರುವುದರಿಂದ ಆ ಕ್ಷಣಕ್ಕೆ ಪಿಸ್ಟನ್ ಓಡುತ್ತದೆ, ನಾಲ್ಕು ದಿನಕ್ಕೆ ಹಾರಿಹೋಗಿ ಒಣ ಲೋಹ ಒಣ ಲೋಹಕ್ಕೆ ತಾಗುತ್ತದೆ. ವಾಲ್ವ್ ಆಯಿಲ್ ಎಂದೇ ಮಾರುವುದನ್ನು ತನ್ನಿ. ಬಹಳ ದಿನ ಇಡುವಾಗ ಬೇಗ ಆವಿಯಾಗದ ಸಿಂಥೆಟಿಕ್ ಎಣ್ಣೆ ಒಳ್ಳೆಯದು, ಮತ್ತು ಇಲ್ಲಿ ಜಿಪುಣತನ ಬೇಡ.

ಟ್ಯೂನಿಂಗ್ ಸ್ಲೈಡ್‌ಗಳಿಗೆ ಎಣ್ಣೆಯಲ್ಲ, ಗ್ರೀಸ್. ಸಿಗದಿದ್ದರೆ ವ್ಯಾಸಲೀನ್ ಆದರೂ ಆದೀತು. ಮೌತ್‌ಪೀಸನ್ನು ವಾದ್ಯಕ್ಕೆ ಸಿಕ್ಕಿಸಿ ಇಡಲೇಬೇಡಿ. ಕಚ್ಚಿಕೊಂಡದ್ದನ್ನು ಇಕ್ಕಳದಿಂದ ತಿರುಚಿದರೆ ಮೌತ್‌ಪೀಸಿನ ಜೊತೆ ಕೊಳವೆಯೇ ತಿರುಚಿಕೊಂಡು ಬೆಸುಗೆ ಬಿಡುತ್ತದೆ. ರಿಪೇರಿಯವರ ಹತ್ತಿರ ಅದಕ್ಕೆಂದೇ ಪುಲ್ಲರ್ ಇರುತ್ತದೆ, ಎರಡು ನಿಮಿಷದ ಕೆಲಸ.

“ಪ್ಲಾಸ್ಟಿಕ್ಕಲ್ಲಿ ಸುತ್ತಿ ನುಸಿಗುಳಿಗೆ ಹಾಕಿಟ್ಟಿದ್ದೇವೆ”

ಪ್ಲಾಸ್ಟಿಕ್ ಹೊರಗಿನ ತೇವ ತಡೆಯುವಷ್ಟೇ ನಿಷ್ಠೆಯಿಂದ ಒಳಗಿನ ತೇವವನ್ನೂ ಹಿಡಿದಿಡುತ್ತದೆ. ನುಸಿಗುಳಿಗೆ ಹುಳುಗಳಿಗೆ, ಲೋಹಕ್ಕೆ ಅದರಿಂದ ಏನೂ ಲಾಭವಿಲ್ಲ. ಅದರ ನ್ಯಾಫ್ತಲೀನ್ ಆವಿ ವಿಷ, ನೀವು ಬಾಯಿಟ್ಟು ಉಸಿರೆಳೆಯುವ ವಸ್ತುವಿನೊಳಗೆ ಅದು ಇರಬಾರದು. ಬದಲಿಗೆ ಸಿಲಿಕಾ ಜೆಲ್ ಚೀಲಗಳನ್ನು ಹಾಕಿ. ಪೆಟ್ಟಿಗೆಯ ಮಖಮಲ್ಲು ಒದ್ದೆಯಿದ್ದರೆ ಮೊದಲು ಅದನ್ನು ಬಿಸಿಲಿಗಿಡಿ.

ಇಡುವ ಜಾಗದ ಬಗ್ಗೆ ಒಂದು ಹಳೆಯ ಕಥೆಯಿದೆ, ನಡೆದದ್ದು ನಮ್ಮ ದೇಶದಲ್ಲೇ. ಬ್ರಿಟಿಷ್ ಸೈನ್ಯ ಮಳೆಗಾಲ ಬಂದಾಗ ಮದ್ದುಗುಂಡುಗಳನ್ನು ಕುದುರೆಲಾಯದಲ್ಲಿ ಇರಿಸುತ್ತಿತ್ತು. ಮಳೆ ನಿಂತ ಮೇಲೆ ನೋಡಿದರೆ ಗುಂಡಿನ ಹಿತ್ತಾಳೆ ಕೋಶಗಳು ಬಿರುಕು ಬಿಟ್ಟಿರುತ್ತಿದ್ದವು. ಕಾರಣ ಸ್ಪಷ್ಟವಾದದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ತಜ್ಞರಿಂದ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ ತೇವದ ಜೊತೆ ಸೇರಿ, ಎಳೆದು ರೂಪಿಸುವಾಗ ಲೋಹದಲ್ಲಿ ಉಳಿದಿದ್ದ ಬಿಗಿತವನ್ನು ಬಿರುಕಾಗಿಸುತ್ತಿತ್ತು. ಟ್ರಂಪೆಟ್ಟಿನ ಕೊಳವೆಗಳೂ ಎಳೆದು ಬಗ್ಗಿಸಿದ ಹಿತ್ತಾಳೆಯೇ. ಕೊಟ್ಟಿಗೆಯ ಮೇಲಿನ ಅಟ್ಟ, ಕೋಳಿಗೂಡಿನ ಪಕ್ಕ, ಬಚ್ಚಲಿನ ಗೋಡೆಯ ಬದಿ ವಾದ್ಯಕ್ಕೆ ತಕ್ಕ ಜಾಗಗಳಲ್ಲ. ಕೈಗೆಟಕುವ ಒಳಕೋಣೆಯ ಕಪಾಟು ಲೇಸು. ತಿಂಗಳಿಗೊಮ್ಮೆ ತೆರೆದು ಪಿಸ್ಟನ್ ಒತ್ತಿ ಸ್ಲೈಡ್ ಎಳೆದಾಡಿಸುವ ಮನಸ್ಸಾಗುತ್ತದೆ.

“ತಾಮ್ರ ಇರುವ ಕಡೆ ಕ್ರಿಮಿ ಬದುಕಲ್ಲ”

ತಾಮ್ರದ ಚೊಂಬಿನ ನೀರಿನ ಮೇಲಿನ ನಂಬಿಕೆಯ ಮುಂದುವರಿಕೆ ಇದು. ತಾಮ್ರಕ್ಕೆ ಆ ಗುಣ ಇರುವುದು ಹೌದು, ಆದರೆ ಕ್ರಿಮಿ ಲೋಹವನ್ನು ಮುಟ್ಟಿದರೆ ತಾನೆ? ಕೊಳವೆಯ ಒಳಗೆ ಲೋಹದ ಮೇಲೆ ಗ್ರೀಸು, ಸುಣ್ಣ, ಲೋಳೆಯ ಪದರ ಕೂತಿರುತ್ತದೆ. 2010ರಲ್ಲಿ ‘ಚೆಸ್ಟ್’ ಎಂಬ ವೈದ್ಯಕೀಯ ಪತ್ರಿಕೆ ಅಮೆರಿಕದ ಟ್ರಾಂಬೋನ್ ವಾದಕರೊಬ್ಬರ ಪ್ರಕರಣ ಪ್ರಕಟಿಸಿತು. ಹದಿನೈದು ವರ್ಷದಿಂದ ಬಿಡದ ಕೆಮ್ಮು. ಅವರ ವಾದ್ಯದೊಳಗೆ ಬೂಷ್ಟೂ ಬ್ಯಾಕ್ಟೀರಿಯವೂ ಬೆಳೆದಿದ್ದವು, ಶ್ವಾಸಕೋಶ ಅವಕ್ಕೆ ಒಗ್ಗದೆ ಊದಿಕೊಂಡಿತ್ತು. ವಾದ್ಯ ಶುಚಿ ಮಾಡಲು ತೊಡಗಿದ ಮೇಲೆ ಕೆಮ್ಮು ಇಳಿಯಿತು. ಹೀಗಾಗುವುದು ವಿರಳ, ಹೆದರಬೇಕಿಲ್ಲ. ಆದರೆ ಎರಡು ತಿಂಗಳು ಮುಚ್ಚಿಟ್ಟ ವಾದ್ಯವನ್ನು ತೊಳೆಯದೆ ಬಾಯಿಗಿಡುವುದು ಜಾಣತನವಲ್ಲ. ಒಂದೇ ಮೌತ್‌ಪೀಸನ್ನು ಇಡೀ ತಂಡ ಹಂಚಿಕೊಳ್ಳುವ ರೂಢಿಯಂತೂ ನಿಲ್ಲಲಿ.

“ಊದದೆ ಇಟ್ಟರೆ ನಾದ ಸತ್ತುಹೋಗುತ್ತೆ”

ಬಿಡುವಿನ ನಂತರದ ಮೊದಲ ಕಾರ್ಯಕ್ರಮದಲ್ಲಿ ಮೇಲಿನ ಸ್ವರಗಳು ಏರುವುದಿಲ್ಲ, ಅರ್ಧ ಗಂಟೆಗೆ ನಾದ ಒಡೆಯುತ್ತದೆ. ದೂರು ಹೋಗುವುದು ವಾದ್ಯದ ಮೇಲೆ. ಶುಚಿಯಾಗಿ, ಒಣಗಿಸಿ ಇಟ್ಟ ಹಿತ್ತಾಳೆ ಹತ್ತು ವರ್ಷ ಸುಮ್ಮನಿದ್ದರೂ ನಾದ ಮರೆಯದು. ಮರೆತದ್ದು ತುಟಿ. ತುಟಿಯ ಸುತ್ತಲಿನ ಸ್ನಾಯುಗಳು ದಿನದ ಅಭ್ಯಾಸ ತಪ್ಪಿದರೆ ಬೇಗ ಬಲಗುಂದುತ್ತವೆ, ಆ ಕೊರತೆಯನ್ನು ತುಂಬಲು ಮೌತ್‌ಪೀಸನ್ನು ಹಲ್ಲಿಗೆ ಒತ್ತಿ ಊದುವವರು ತುಟಿ ಬಾತುಕೊಂಡು ಇನ್ನೊಂದು ವಾರ ಕಳೆದುಕೊಳ್ಳುತ್ತಾರೆ. ಆದ್ದರಿಂದ ಎಲ್ಲವನ್ನೂ ಪೆಟ್ಟಿಗೆಗೆ ಹಾಕಿದರೂ ಮೌತ್‌ಪೀಸನ್ನು ಮಾತ್ರ ಹೊರಗಿಟ್ಟುಕೊಳ್ಳಿ. ದಿನಕ್ಕೆ ಹತ್ತು ನಿಮಿಷ ಬರಿಯ ಅದರಲ್ಲೇ ತುಟಿ ನಡುಗಿಸಿ, ಒಂದೊಂದೇ ಸ್ವರ ನಿಲ್ಲಿಸಿ. ಆ ಸದ್ದಿಗೆ ಮನೆಯವರು ಬೈಯುವುದು ಖಂಡಿತ. ಮಳೆ ಜೋರಾಗಿ ಹೆಂಚಿನ ಮೇಲೆ ಬೀಳುವ ಹೊತ್ತು ನೋಡಿಕೊಂಡು ಊದಿ.