ಒಂದೇ ಎದೆಯಳತೆ, ನಾಲ್ಕು ದೇಹಾಕಾರ: ಸಿದ್ಧ ಉಡುಪಿನ ವರ್ತಕರು ತಿಳಿದಿರಬೇಕಾದ ಲೆಕ್ಕ

ಮಹಿಳೆಯರ ಸಿದ್ಧ ಉಡುಪುಗಳನ್ನು ಮಾರುವ ಅಂಗಡಿಗಳಲ್ಲಿ ಮಾರ್ಚ್ ಅಂತ್ಯದ ದಾಸ್ತಾನು ಎಣಿಕೆ ನಡೆದಾಗ, ಉಳಿದ ಸರಕಿನಲ್ಲಿ ಸಾಮಾನ್ಯವಾಗಿ ಒಂದು ಕ್ರಮ ಕಂಡುಬರುತ್ತದೆ. ಬಣ್ಣ ಚೆನ್ನಾಗಿರುತ್ತದೆ, ಬಟ್ಟೆ ಚೆನ್ನಾಗಿರುತ್ತದೆ, ಬೆಲೆಯೂ ದುಬಾರಿಯಲ್ಲ. ಆದರೂ ಕೆಲವು ಗಾತ್ರಗಳು ಮಾತ್ರ ಕಪಾಟು ಬಿಟ್ಟು ಕದಲುವುದಿಲ್ಲ. ಸಗಟು ವ್ಯಾಪಾರಿಗಳು ಎಂ, ಎಲ್, ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಎಂದು ನಾಲ್ಕು ಗಾತ್ರಗಳ ಸೆಟ್ ಕಟ್ಟಿ ಮಾರುವ ಪದ್ಧತಿ ಇರುವುದರಿಂದ, ಚಿಲ್ಲರೆ ವರ್ತಕರು ಬೇಕಾದ ಗಾತ್ರದೊಂದಿಗೆ ಬೇಡವಾದ ಗಾತ್ರವನ್ನೂ ಹಣ ಕೊಟ್ಟು ತರಬೇಕಾಗುತ್ತದೆ. ಈ ನಷ್ಟದ ಮೂಲ ದೇಹಾಕಾರದ ಲೆಕ್ಕದಲ್ಲಿದೆ.

ಸುತ್ತುವ ಉಡುಪು, ಹೊಲಿದ ಉಡುಪು

ಹುಣಸೂರು ತಾಲ್ಲೂಕಿನ ಗುರುಪುರದ ಆಸುಪಾಸಿನಲ್ಲಿ ಈ ವಿಷಯಕ್ಕೆ ಸ್ಪಷ್ಟವಾದ ನಿದರ್ಶನ ದೊರೆಯುತ್ತದೆ. ಇಲ್ಲಿ 1972ರಲ್ಲಿ ರಬ್‌ಗ್ಯೆಲಿಂಗ್ ಟಿಬೆಟನ್ ವಸತಿ ನೆಲೆ ಆರಂಭವಾಯಿತು. ಈ ಭಾಗದ ರಸ್ತೆಗಳಲ್ಲಿ ಸೀರೆ ಉಟ್ಟ ಮಹಿಳೆಯರೂ ಛುಪಾ ತೊಟ್ಟ ಟಿಬೆಟನ್ ಮಹಿಳೆಯರೂ ಒಟ್ಟಿಗೆ ಕಾಣಸಿಗುತ್ತಾರೆ. ಛುಪಾ ಎಂಬುದು ಮೈಗೆ ಸುತ್ತಿ, ಹೆಚ್ಚಾದ ಅಗಲವನ್ನು ಬೆನ್ನ ಬದಿಯಲ್ಲಿ ಮಡಿಸಿ, ಸೊಂಟದಲ್ಲಿ ಬಿಗಿದು ಕಟ್ಟುವ ಉದ್ದನೆಯ ನಿಲುವಂಗಿ. ವಿವಾಹಿತೆಯರು ಅದರ ಮುಂಭಾಗದಲ್ಲಿ ಪಾಂಗ್ಡೆನ್ ಎಂಬ ಪಟ್ಟೆಪಟ್ಟೆಯ ಮುಂಗವಸನ್ನು ಕಟ್ಟುತ್ತಾರೆ. ಸೀರೆಯಲ್ಲಿ ನೆರಿಗೆ ಮಾಡುವ ಕೆಲಸವನ್ನೇ ಛುಪಾದಲ್ಲಿ ಬೆನ್ನಿನ ಮಡಿಕೆ ಮಾಡುತ್ತದೆ. ದೇಹ ತುಂಬಿದರೆ ಮಡಿಕೆ ಕಿರಿದಾಗುತ್ತದೆ. ದೇಹ ಇಳಿದರೆ ಮಡಿಕೆ ಹಿಗ್ಗುತ್ತದೆ. ಉಡುಪು ಅದೇ ಉಳಿಯುತ್ತದೆ.

ಚಳಿಗಾಲದಲ್ಲಿ ಟಿಬೆಟನ್ ವ್ಯಾಪಾರಿಗಳು ಲೂಧಿಯಾನದ ತಯಾರಕರಿಂದ ತಂದು ದೇಶದ ಅನೇಕ ಪಟ್ಟಣಗಳಲ್ಲಿ ಮಾರುವ ಸ್ವೆಟರುಗಳಿಗೂ ಇಂತಹ ಅನುಕೂಲವಿದೆ. ಹೆಣಿಗೆಯ ಬಟ್ಟೆ ಹಿಗ್ಗುವುದರಿಂದ ಕೆಲವೇ ಗಾತ್ರಗಳು ಬಹುಮಂದಿಗೆ ಹೊಂದುತ್ತವೆ. ಹಿಗ್ಗದ ನೇಯ್ಗೆ ಬಟ್ಟೆಯಲ್ಲಿ ಹೊಲಿದ ಕುರ್ತಿ, ಚೂಡಿದಾರ್, ಸಿದ್ಧ ರವಿಕೆಗಳಿಗೆ ಈ ಸೌಲಭ್ಯವಿಲ್ಲ. ಅಲ್ಲಿ ಅರ್ಧ ಇಂಚಿನ ವ್ಯತ್ಯಾಸವೂ ಗಿರಾಕಿಯನ್ನು ಹಿಂದಕ್ಕೆ ಕಳುಹಿಸಬಲ್ಲದು.

ಆಕಾರವನ್ನು ಅಳತೆಯಿಂದ ಕಂಡುಹಿಡಿಯುವ ಬಗೆ

ದೇಹಾಕಾರವನ್ನು ಕಣ್ಣಂದಾಜಿನಿಂದ ಹೇಳುವುದಕ್ಕಿಂತ ಅಳತೆಗಳ ನಡುವಿನ ವ್ಯತ್ಯಾಸದಿಂದ ಹೇಳುವುದು ಖಚಿತವಾದ ಮಾರ್ಗ. ಅಮೆರಿಕದಲ್ಲಿ 1939-40ರಲ್ಲಿ ಸುಮಾರು 15,000 ಮಹಿಳೆಯರ ಅಳತೆಗಳನ್ನು ಸಂಗ್ರಹಿಸಿ 1941ರಲ್ಲಿ ಪ್ರಕಟಿಸಲಾಯಿತು. ಅದನ್ನು ಆಧರಿಸಿ 1958ರಲ್ಲಿ ರೂಪಿಸಿದ ಗಾತ್ರಪಟ್ಟಿಯನ್ನು 1983ರಲ್ಲಿ ಹಿಂದಕ್ಕೆ ಪಡೆಯಲಾಯಿತು. ಮುಂದೆ 2004ರಲ್ಲಿ ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಸಿಮ್ಮನ್ಸ್, ಇಸ್ಟುಕ್ ಮತ್ತು ದೇವರಾಜನ್ ಎಂಬ ಸಂಶೋಧಕರು ಅಳತೆಗಳ ವ್ಯತ್ಯಾಸದಿಂದಲೇ ಒಂಬತ್ತು ಆಕಾರಗಳನ್ನು ಗುರುತಿಸುವ ವಿಧಾನವನ್ನು ಪ್ರಕಟಿಸಿದರು. ಆ ಒಂಬತ್ತರಲ್ಲಿ ವರ್ತಕರಿಗೆ ಮುಖ್ಯವಾಗಿ ಬೇಕಾದವು ನಾಲ್ಕು. ಎದೆ, ಸೊಂಟ, ನಿತಂಬ ಈ ಮೂರು ಸುತ್ತಳತೆಗಳಿಂದ ಅವನ್ನು ಸ್ಥೂಲವಾಗಿ ಹೀಗೆ ತಿಳಿಯಬಹುದು:

ಡಮರು ಆಕಾರ: ಎದೆ ಮತ್ತು ನಿತಂಬ ಬಹುಮಟ್ಟಿಗೆ ಸಮ, ಸೊಂಟವು ಎದೆಗಿಂತ 9 ಇಂಚು ಅಥವಾ ನಿತಂಬಕ್ಕಿಂತ 10 ಇಂಚಿನಷ್ಟಾದರೂ ಕಡಿಮೆ.

ಆಯತ ಆಕಾರ: ಎದೆ ಮತ್ತು ನಿತಂಬದ ವ್ಯತ್ಯಾಸ 3.6 ಇಂಚಿಗಿಂತ ಕಡಿಮೆ. ಸೊಂಟದ ಇಳಿತವೂ ಮೇಲಿನ ಮಿತಿಗಿಂತ ಕಡಿಮೆ.

ತ್ರಿಕೋನ ಆಕಾರ: ನಿತಂಬವು ಎದೆಗಿಂತ 3.6 ಇಂಚು ಅಥವಾ ಹೆಚ್ಚು ದೊಡ್ಡದು. ನಿತಂಬಕ್ಕೂ ಸೊಂಟಕ್ಕೂ 9 ಇಂಚಿಗಿಂತ ಕಡಿಮೆ ಅಂತರ.

ತಲೆಕೆಳಗಾದ ತ್ರಿಕೋನ: ಎದೆಯು ನಿತಂಬಕ್ಕಿಂತ 3.6 ಇಂಚು ಅಥವಾ ಹೆಚ್ಚು ದೊಡ್ಡದು. ಎದೆಗೂ ಸೊಂಟಕ್ಕೂ 9 ಇಂಚಿಗಿಂತ ಕಡಿಮೆ ಅಂತರ.

ಈಗ ನಾಲ್ವರು ಮಹಿಳೆಯರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ನಾಲ್ವರ ಎದೆಯಳತೆಯೂ 38 ಇಂಚು. ಮೊದಲನೆಯವರ ಅಳತೆ 38-29-39, ಡಮರು. ಎರಡನೆಯವರದು 38-35-39, ಆಯತ. ಮೂರನೆಯವರದು 38-36-42, ತ್ರಿಕೋನ. ನಾಲ್ಕನೆಯವರದು 38-34-34, ತಲೆಕೆಳಗಾದ ತ್ರಿಕೋನ. ಅಂಗಡಿಯಲ್ಲಿ ನಾಲ್ವರಿಗೂ ಎಲ್ ಗಾತ್ರದ, ಎಂದರೆ ಎದೆಯ ಬಳಿ 40 ಇಂಚಿರುವ ಒಂದೇ ಕುರ್ತಿಯನ್ನು ತೋರಿಸಲಾಗುತ್ತದೆ. ಅದರ ನಿತಂಬದ ಅಳತೆ 42 ಇಂಚು ಇದೆಯೆಂದು ಇಟ್ಟುಕೊಂಡರೆ, ಮೊದಲ ಇಬ್ಬರಿಗೆ ಅಲ್ಲಿ 3 ಇಂಚು ಸಡಿಲವಿರುತ್ತದೆ, ಮೂರನೆಯವರಿಗೆ ಎಳ್ಳಷ್ಟೂ ಸಡಿಲವಿರುವುದಿಲ್ಲ, ನಾಲ್ಕನೆಯವರಿಗೆ 8 ಇಂಚು ಜೋಲುತ್ತದೆ. ನಿತಂಬದಲ್ಲಿ ಒಂದೇ ಸಡಿಲವಿರುವ ಮೊದಲ ಇಬ್ಬರಲ್ಲಿಯೂ ಸೊಂಟದ ಬಳಿ 6 ಇಂಚಿನ ಅಂತರವಿದೆ. ಮೂರನೆಯ ಗಿರಾಕಿ ಎಕ್ಸ್‌ಎಲ್ ಕೇಳುತ್ತಾರೆ, ಆಗ ಭುಜ ಜಾರುತ್ತದೆ. ಕೊನೆಗೆ "ನಮಗೆ ರೆಡಿಮೇಡ್ ಆಗಿಬರೋದಿಲ್ಲ" ಎಂದು ಹೇಳಿ ಹೊರಡುತ್ತಾರೆ. ದೋಷವಿರುವುದು ಪ್ಯಾಟರ್ನಿನಲ್ಲಿ, ಸಂಕೋಚಪಡುವವರು ಮಾತ್ರ ಗಿರಾಕಿ.

ಯಾವ ಆಕಾರಕ್ಕೆ ಯಾವ ಹೊಲಿಗೆ

ಡಮರು ಆಕಾರದವರಿಗೆ ಸೊಂಟದ ಬಳಿ ಡಾರ್ಟ್ ಅಥವಾ ಪ್ರಿನ್ಸೆಸ್ ಕಟ್ ಇರುವ ಉಡುಪು ಒಪ್ಪುತ್ತದೆ; ನೇರ ಕತ್ತರಿಕೆಯ ಉಡುಪಿನಲ್ಲಿ ಅವರ ಸೊಂಟ ಮರೆಯಾಗುತ್ತದೆ. ಆಯತ ಆಕಾರದವರಿಗೆ ಸೊಂಟಪಟ್ಟಿ, ಎದೆಯ ಕೆಳಗಿನ ನೆರಿಗೆ, ಮೇಲೊಂದು ಜಾಕೆಟ್ ಇರುವ ವಿನ್ಯಾಸಗಳು ಹೊಂದುತ್ತವೆ. ತ್ರಿಕೋನ ಆಕಾರದವರಿಗೆ ಕೆಳಗೆ ಅಗಲವಾಗುತ್ತ ಹೋಗುವ ಎ-ಲೈನ್ ಅಥವಾ ಕಳಿ ಕುರ್ತಿ, ಎತ್ತರದಿಂದ ಆರಂಭವಾಗುವ ಪಕ್ಕದ ಸೀಳು, ಕುತ್ತಿಗೆ ಮತ್ತು ಭುಜದ ಬಳಿ ಕಸೂತಿ ಇದ್ದರೆ ನೋಟ ಸಮತೋಲವಾಗುತ್ತದೆ. ತಲೆಕೆಳಗಾದ ತ್ರಿಕೋನದವರಿಗೆ ಮೇಲ್ಭಾಗ ಸರಳವಾಗಿ, ವಿ ಆಕಾರದ ಕೊರಳಿನಿಂದ ಕೂಡಿದ್ದು, ಕೆಳಗೆ ಪಲಾಝೋ ಅಥವಾ ಘೇರು ಇರುವ ಉಡುಪು ಚೆನ್ನ. ಹೊಟ್ಟೆಯ ಭಾಗ ತುಂಬಿರುವವರಿಗೆ ಮೃದುವಾಗಿ ಇಳಿಬೀಳುವ ಬಟ್ಟೆ ಮತ್ತು ಉದ್ದಗೆರೆಗಳು ಹಿತ.

ಇವು ಸಲಹೆಗಳೇ ಹೊರತು ಕಟ್ಟಳೆಗಳಲ್ಲ. ಗಿರಾಕಿಗೆ ಇಷ್ಟವಾದದ್ದು ಮತ್ತು ಮೈಗೆ ಹಿತವಾದದ್ದು ಮೊದಲು. ನೋಟದ ನಿಯಮ ಆನಂತರ. ಅಂಗಡಿಯವರು "ನಿಮ್ಮ ಮೈಗೆ ಇದು ಒಪ್ಪುವುದಿಲ್ಲ" ಎನ್ನುವ ಬದಲು "ಈ ಕಟಿಂಗ್ ನೋಡಿ" ಎಂದರೆ ಮಾನವೂ ಉಳಿಯುತ್ತದೆ, ವ್ಯಾಪಾರವೂ ಉಳಿಯುತ್ತದೆ.

ಲೆಕ್ಕಪುಸ್ತಕದಲ್ಲಿ ಇದರ ಪರಿಣಾಮ

ಒಬ್ಬ ವರ್ತಕರು ನಾಲ್ಕು ಗಾತ್ರಗಳ 100 ಸೆಟ್, ಅಂದರೆ 400 ಕುರ್ತಿಗಳನ್ನು ತಲಾ ರೂ. 400ರಂತೆ ರೂ. 1,60,000ಕ್ಕೆ ಕೊಂಡರೆಂದು ಭಾವಿಸೋಣ. ತೆರಿಗೆ ಹೊರತುಪಡಿಸಿ ತಲಾ ರೂ. 600ರಂತೆ 340 ಮಾರಾಟವಾದರೆ ಒಟ್ಟು ಲಾಭ ರೂ. 68,000 ಎಂದು ತೋರುತ್ತದೆ. ಆದರೆ ಉಳಿದ 60 ಕುರ್ತಿಗಳಲ್ಲಿ ರೂ. 24,000 ಬಂಡವಾಳ ಸಿಲುಕಿದೆ. ಇದು ತೋರಿಕೆಯ ಲಾಭದ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು. ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯ ಎರಡನೆಯ ಲೆಕ್ಕಪತ್ರ ಮಾನಕದ ಪ್ರಕಾರ, ದಾಸ್ತಾನನ್ನು ಕೊಂಡ ಬೆಲೆ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದ ಮೊತ್ತಕ್ಕೆ ತೋರಿಸಬೇಕು. ಆ ಕುರ್ತಿಗಳಿಗೆ ಮಾರಾಟದ ಖರ್ಚು ಕಳೆದು ತಲಾ ರೂ. 250 ಮಾತ್ರ ಬರುವುದಾದರೆ ದಾಸ್ತಾನಿನ ಮೌಲ್ಯ ರೂ. 15,000. ಲಾಭ ರೂ. 59,000ಕ್ಕೆ ಇಳಿಯುತ್ತದೆ.

ತೆರಿಗೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಮಾರಾಟ ಮೌಲ್ಯ ರೂ. 2,500 ಮೀರದಿದ್ದರೆ ಜಿಎಸ್‌ಟಿ ಶೇ. 5, ಮೀರಿದರೆ ಶೇ. 18. ಉಳಿದ ಸರಕನ್ನು ರಿಯಾಯಿತಿಯಲ್ಲಿ ಮಾರಿದರೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ಗೆ ಧಕ್ಕೆಯಿಲ್ಲ. ಲೆಕ್ಕದಿಂದ ತೆಗೆದುಹಾಕಿದರೆ ಅಥವಾ ಉಡುಗೊರೆಯಾಗಿ ಕೊಟ್ಟರೆ, ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಮಿನಂತೆ ಆ ಕ್ರೆಡಿಟ್ ಹಿಂದಿರುಗಿಸಬೇಕು. ಮೇಲಿನ ಉದಾಹರಣೆಯಲ್ಲಿ ಅದು ರೂ. 1,200. ಸರಕನ್ನು ಸಗಟುದಾರರಿಗೆ ವಾಪಸು ಮಾಡುವುದಾದರೆ ತಡಮಾಡಬಾರದು. ಸರಬರಾಜು ನಡೆದ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲು ಬರುವ ದಿನದ ಬಳಿಕ ಸಗಟುದಾರರು ಕ್ರೆಡಿಟ್ ನೋಟಿನ ಮೂಲಕ ತಮ್ಮ ತೆರಿಗೆ ಹೊಣೆಯನ್ನು ಇಳಿಸಿಕೊಳ್ಳಲಾರರು.

ಅಂಗಡಿಯಲ್ಲೇ ಮಾಡಬಹುದಾದ ಸಮೀಕ್ಷೆ

ಭಾರತೀಯರಿಗೆ ತಕ್ಕ ಗಾತ್ರಪಟ್ಟಿಯನ್ನು ರೂಪಿಸಲು ಕೇಂದ್ರ ಜವಳಿ ಸಚಿವಾಲಯದ ನೆರವಿನಿಂದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ಇಂಡಿಯಾಸೈಜ್ ಸಮೀಕ್ಷೆಯನ್ನು ಕೈಗೊಂಡಿತು. ಆರು ನಗರಗಳಲ್ಲಿ 15ರಿಂದ 65 ವರ್ಷದ 25,000 ಮಂದಿಯನ್ನು ಮೂರು ಆಯಾಮದ ಸ್ಕ್ಯಾನರಿನಿಂದ ಅಳೆಯುವುದು ಅದರ ಯೋಜನೆ. ಇಂತಹ ಸಮೀಕ್ಷೆ ದೊಡ್ಡ ಕಾರ್ಖಾನೆಗಳಿಗೆ ದಾರಿದೀಪವಾಗಬಲ್ಲದು. ಆದರೆ ರಾಷ್ಟ್ರದ ಸರಾಸರಿಯು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಅಂಗಡಿಗೆ ಬರುವ ಗಿರಾಕಿಯ ಅಳತೆಯನ್ನು ಹೇಳಲಾರದು. ಅದನ್ನು ಅಂಗಡಿಯವರೇ ಬರೆದಿಟ್ಟುಕೊಳ್ಳಬೇಕು.

ಇದಕ್ಕೆ ಬೇಕಾದುದು ಒಂದು ಟೇಪು, ಒಂದು ನೋಟುಪುಸ್ತಕ ಮತ್ತು ಅಳೆಯಬಲ್ಲ ಮಹಿಳಾ ಸಿಬ್ಬಂದಿ. ಒಪ್ಪಿದ ಗಿರಾಕಿಗಳ ಅಳತೆಯನ್ನು ಮಾತ್ರ, ಮರೆಯಿರುವ ಜಾಗದಲ್ಲಿ, ತೆಳುವಾದ ಉಡುಪಿನ ಮೇಲೆ ತೆಗೆಯಬೇಕು. ಟೇಪು ನೆಲಕ್ಕೆ ಸಮಾನಾಂತರವಾಗಿರಬೇಕು, ಬಿಗಿಯಬಾರದು, ಉಸಿರು ಸಹಜವಾಗಿರಬೇಕು. ಎದೆ ಮತ್ತು ನಿತಂಬವನ್ನು ಅತಿ ತುಂಬಿದ ಭಾಗದಲ್ಲಿಯೂ ಸೊಂಟವನ್ನು ಅದರ ಸಹಜ ಕಿರಿದಾದ ಭಾಗದಲ್ಲಿಯೂ ಅಳೆಯಬೇಕು. ಹೆಸರು, ಮೊಬೈಲ್ ಸಂಖ್ಯೆ ಬರೆಯುವ ಅಗತ್ಯವಿಲ್ಲ. ಮೂರು ಅಂಕಿಗಳು ಮತ್ತು "ಕೊಂಡರು" ಅಥವಾ "ಕೊಳ್ಳಲಿಲ್ಲ" ಎಂಬ ಒಂದು ಮಾತು ಸಾಕು.

ಒಂದು ಹಂಗಾಮಿನ ಅವಧಿಯಲ್ಲಿ ಇನ್ನೂರು ಅಳತೆಗಳು ಸಂಗ್ರಹವಾದರೂ ಯಾವ ಆಕಾರದವರು ಬರಿಗೈಯಲ್ಲಿ ಹಿಂದಿರುಗುತ್ತಿದ್ದಾರೆಂಬುದು ತಿಳಿಯುತ್ತದೆ. ತ್ರಿಕೋನ ಆಕಾರದವರು ಹೆಚ್ಚಾಗಿದ್ದರೆ ವರ್ತಕರು ನೇರ ಕುರ್ತಿಯ ಸೆಟ್ಟುಗಳನ್ನು ಕಡಿಮೆ ಮಾಡಿ ಕಳಿ ಕುರ್ತಿಯನ್ನು ತರಿಸಬಹುದು. ಸಣ್ಣ ತಯಾರಕರು ಪಕ್ಕದ ಹೊಲಿಗೆಯೊಳಗೆ ಒಂದು ಇಂಚು ಬಟ್ಟೆ ಬಿಟ್ಟರೆ, ಅಂಗಡಿಯ ಪಕ್ಕದ ದರ್ಜಿಯೇ ಅದನ್ನು ಬಿಚ್ಚಿ ಸರಿಪಡಿಸಬಹುದು. ಲೇಬಲಿನ ಮೇಲೆ ಎಲ್, ಎಕ್ಸ್‌ಎಲ್ ಎಂಬ ಅಕ್ಷರದ ಜೊತೆಗೆ ಎದೆ, ಸೊಂಟ, ನಿತಂಬದ ಅಳತೆಗಳನ್ನು ಇಂಚಿನಲ್ಲಿ ಮುದ್ರಿಸುವುದಕ್ಕೆ ಹೆಚ್ಚಿನ ವೆಚ್ಚವಾಗುವುದಿಲ್ಲ. ಮುಂದಿನ ಖರೀದಿಗೆ ಸಗಟು ಮಾರುಕಟ್ಟೆಗೆ ಹೋಗುವ ವರ್ತಕರ ಕೈಯಲ್ಲಿ ಈ ನೋಟುಪುಸ್ತಕವಿದ್ದರೆ, ಯಾವ ಸೆಟ್ಟನ್ನು ಒಡೆದು ಕೊಡಬೇಕೆಂದು ಕೇಳಲು ಅವರಿಗೆ ಆಧಾರವಿರುತ್ತದೆ.