ಗಿಟಾರು ಹಿಡಿದ ತತ್ವಪದ ಮತ್ತು ಕೇಳುಗರ ತಕರಾರು

ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ಹೋಗಿಬಂದವರಿಗೆ ಇದು ಹೊಸ ಸಂಗತಿಯಲ್ಲ. ಗುಡಿಯ ಮುಂದೆ ತಮಟೆ, ಉರುಮೆಗಳ ಸದ್ದು. ಹತ್ತು ಹೆಜ್ಜೆ ಈಚೆಗೆ ಬಂದರೆ ಬೆಂಡು ಬತ್ತಾಸಿನ ಅಂಗಡಿಗಳ ಸಾಲಿನಲ್ಲಿ ಮೈಕಿನಿಂದ ಹೊರಡುವ ದೇವಿಯ ಹಾಡು. ಹಾಡು ದೇವಿಯದೇ, ಆದರೆ ಹಿಂದೆ ನುಡಿಯುವುದು ಕೀಬೋರ್ಡು ಮತ್ತು ಡ್ರಮ್ಸು. ಎರಡನ್ನೂ ಒಟ್ಟಿಗೇ ಕೇಳುತ್ತಾ ಜನ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತಾರೆ. ದೇವರ ಹಾಡಿಗೆ ಕೀಬೋರ್ಡು ಏಕೆಂದು ಯಾರೂ ತಗಾದೆ ತೆಗೆಯುವುದಿಲ್ಲ.

ಆದರೆ ಶಿಶುನಾಳ ಷರೀಫರ ಪದವನ್ನು ಯಾರಾದರೂ ಗಿಟಾರು ಹಿಡಿದು ಹಾಡಲಿ, ಅದೇ ಜನರ ನಡುವೆ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ‘ಕೆಡಿಸಿಬಿಟ್ಟರು’ ಎನ್ನುವುದು ಒಂದು ಪಕ್ಷ. ‘ಈಗ ಕೇಳುವ ಹಾಗಾಯಿತು’ ಎನ್ನುವುದು ಇನ್ನೊಂದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಗೆ ಈ ತಕರಾರು ಹತ್ತಿರದ್ದು. ಏಕತಾರಿ, ತಾಳ, ಹಾರ್ಮೋನಿಯಂ ಇಟ್ಟುಕೊಂಡು ರಾತ್ರಿಯಿಡೀ ತತ್ವಪದ ಹಾಡುವ ಭಜನೆ ಮನೆಗಳ ಸೀಮೆ ಇದು. ಬಹುಪಾಲು ಆಂಧ್ರದ ನೆಲದಿಂದಲೇ ಸುತ್ತುವರಿದಿರುವ ಪಾವಗಡದಲ್ಲಂತೂ ಕನ್ನಡ ಪದದ ಬೆನ್ನಿಗೆ ತೆಲುಗು ಪದ ಬಂದರೆ ಯಾರಿಗೂ ಅಚ್ಚರಿಯಿಲ್ಲ. ಇಂಥ ಕಡೆ ‘ನಮ್ಮ ಹಾಡು ಹೀಗೇ ಇರಬೇಕು’ ಎಂಬ ಮಾತು ಎಲ್ಲಿಂದ ಬಂತು? ಯಾವ ಹಾಡು ಮೂಲ, ಯಾವುದು ಕಲಬೆರಕೆ?

ಎಂಟು ಹಾಡುಗಳ ಚೊಚ್ಚಲ ಆಲ್ಬಂ

ಈ ಚರ್ಚೆಗೆ ಇತ್ತೀಚಿನ ದಶಕಗಳಲ್ಲಿ ದೊಡ್ಡ ಕಾರಣವಾದದ್ದು 2008ರಲ್ಲಿ ಬಂದ ರಘು ದೀಕ್ಷಿತ್ ಅವರ ಚೊಚ್ಚಲ ಆಲ್ಬಂ. ಮೈಸೂರಿನಲ್ಲಿ ಬೆಳೆದ ದೀಕ್ಷಿತ್ ಓದಿದ್ದು ಸೂಕ್ಷ್ಮಜೀವಿ ಶಾಸ್ತ್ರ, ಕಲಿತದ್ದು ಭರತನಾಟ್ಯ. ಗಿಟಾರು ಕೈಗೆ ಬಂದದ್ದು ಆಮೇಲೆ. ಮೊದಲು ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. ನಂತರ ತಮ್ಮದೇ ಹೆಸರಿನ ತಂಡ. ಕ್ಯಾಸೆಟ್ ಕಂಪನಿಗಳು ಬಾಗಿಲು ತೆರೆಯದೆ ವರ್ಷಗಳು ಉರುಳಿದ ಮೇಲೆ, ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿ ತಮ್ಮ ಸಂಸ್ಥೆಯಿಂದ ಇದನ್ನು ಹೊರತಂದಿತು.

ಅದರಲ್ಲಿದ್ದದ್ದು ಎಂಟು ಹಾಡು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಷರೀಫರ ಎರಡು ಕನ್ನಡ ಪದಗಳು: ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. ತಂತಿ ಮೀಟುವ ಗಿಟಾರು, ಜಾನಪದದ ಛಾಯೆಯ ಪಿಟೀಲು, ಕೆಳಗಿನಿಂದ ದೂಡುವ ಬೇಸ್ ಗಿಟಾರು, ಡ್ರಮ್ಸು. ವೇದಿಕೆಯ ಮೇಲೆ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿದ ಗಾಯಕ. ಪಾಶ್ಚಾತ್ಯರು ‘ಫೋಕ್ ರಾಕ್’ ಎಂದು ಕರೆಯುವ ಬಗೆ ಇದು. ಕನ್ನಡದಲ್ಲಿ ಜಾನಪದ ರಾಕ್ ಎನ್ನಬಹುದು. 2010ರಲ್ಲಿ ಬಿಬಿಸಿ ದೂರದರ್ಶನದ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ತಂಡ ಹಾಡಿತು. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸಬರಿಗೆ ಕೊಡುವ ಪ್ರಶಸ್ತಿಯೂ ಬಂತು.

ಮೂರು ಬಗೆಯ ಕೇಳುಗರು

ಹೊರಗೆ ಹೊಗಳಿಕೆ ಬಂದಂತೆ ಒಳಗೆ ಚರ್ಚೆ ಬೆಳೆಯಿತು. ಕೇಳುಗರ ಅಭಿಪ್ರಾಯಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು.

ಮೊದಲನೆಯವರು ಕ್ಯಾಸೆಟ್ಟಿನ ಕಾಲದಲ್ಲಿ ಸಿ. ಅಶ್ವಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಅವರ ದನಿಯಲ್ಲಿ ಷರೀಫರನ್ನು ಕೇಳಿ ಬೆಳೆದವರು. ಅವರ ಆಕ್ಷೇಪ ಇಷ್ಟೆ: ತತ್ವಪದ ಕುಣಿಸುವುದಕ್ಕೆ ಹುಟ್ಟಿದ್ದಲ್ಲ. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುವುದು ಅರ್ಥ ಒಳಗಿಳಿಯಲಿ ಎಂದು. ಡ್ರಮ್ಸಿನ ಅಬ್ಬರದಲ್ಲಿ ಪಲ್ಲವಿ ಘೋಷಣೆಯಾಗಿಬಿಡುತ್ತದೆ, ವೈರಾಗ್ಯ ಹಾರಿಹೋಗುತ್ತದೆ.

ಎರಡನೆಯವರು ಕಾಲೇಜಿನ ಹಾಸ್ಟೆಲ್ಲುಗಳಲ್ಲಿ, ಮೊಬೈಲಿನಲ್ಲಿ ಈ ಹಾಡುಗಳನ್ನು ಮೊದಲ ಸಲ ಕೇಳಿದವರು. ಷರೀಫ ಎಂಬ ಹೆಸರು ಪಠ್ಯಪುಸ್ತಕದ ಆಚೆ ಅವರಿಗೆ ಸಿಕ್ಕಿದ್ದೇ ಇಲ್ಲಿ. ಮೊದಲು ಲಯಕ್ಕೆ ತಲೆದೂಗಿ, ಆಮೇಲೆ ಅರ್ಥ ಕೇಳಿದವರು. ಹಾಡು ನಮ್ಮ ತನಕ ಬರದೇ ಇದ್ದಿದ್ದರೆ ಅರ್ಥ ಕೇಳುವುದಾದರೂ ಎಲ್ಲಿಂದ ಎಂಬುದು ಅವರ ವಾದ.

ಮೂರನೆಯವರು ಭಜನೆ ಮನೆಯವರು. ಅವರದು ಬೇರೆಯೇ ಅಳತೆಗೋಲು. ಪದವೆಂದರೆ ಅವರಿಗೆ ಹಾಡುವುದಕ್ಕೆ ಇರುವುದು, ಕೂತು ಕೇಳುವುದಕ್ಕಲ್ಲ. ಸೊಲ್ಲು ಎತ್ತಿಕೊಟ್ಟರೆ ಹಿಮ್ಮೇಳದ ಹತ್ತು ಮಂದಿ ಹಿಡಿಯುವಂತಿದೆಯೇ? ಇದ್ದರೆ ಒಳ್ಳೆಯ ಪದ, ಇಲ್ಲದಿದ್ದರೆ ಇಲ್ಲ. ಗಿಟಾರೋ ಹಾರ್ಮೋನಿಯಮ್ಮೋ ಎಂಬುದು ಆಮೇಲಿನ ಮಾತು. ಪೇಟೆಯ ಚರ್ಚೆಯಲ್ಲಿ ಈ ಮೂರನೆಯವರ ಮಾತು ಕೇಳಿಸುವುದು ಕಡಿಮೆ.

ಮೊದಲ ಪಕ್ಷದ ಆತಂಕವನ್ನು ಹಳಬರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ. ಗುಡುಗುಡಿಯ ಪದವನ್ನೇ ನೋಡಿ. ಹೊರಗಿನಿಂದ ನೋಡಿದರೆ ಅದು ಹುಕ್ಕಾ ಸೇದುವ ಮಾತು. ಒಳಗೆ ಹೊಕ್ಕರೆ ಗುಡುಗುಡಿಯೆಂಬುದು ದೇಹ, ಸೇದುವುದೆಂಬುದು ಸಾಧನೆ. ಹೊಗೆಯ ಮಾತಾಡುತ್ತಲೇ ಹೊಗೆಯ ಆಚೆಗೆ ಕರೆದೊಯ್ಯುವುದು ಷರೀಫರ ಜಾಣ್ಮೆ. ಸಾವಿರಾರು ಮಂದಿ ಕೈ ಮೇಲೆತ್ತಿ ಕೂಗುವ ಮೈದಾನದಲ್ಲಿ ಇದು ನಶೆಯ ಹಾಡಾಗಿಯಷ್ಟೇ ಉಳಿದರೆ ಪದದ ಅರ್ಧ ಕಳೆದುಹೋದಂತೆ. ಆದರೆ ಈ ಅಪಾಯ ಗಿಟಾರಿನಿಂದಲೇ ಬಂದದ್ದಲ್ಲ. ಅರ್ಥ ಹೇಳುವವರಿಲ್ಲದೆ ಹಾರ್ಮೋನಿಯಂ ಜೊತೆಗೆ ಹಾಡಿದರೂ ಅದು ಹುಕ್ಕಾದ ಹಾಡೇ.

ಮೂಲ ಯಾವುದು?

‘ಮೂಲದಂತೆ ಹಾಡಲಿ’ ಎಂಬ ಬೇಡಿಕೆಯನ್ನು ಸ್ವಲ್ಪ ಕೆದಕಿ ನೋಡಬೇಕು. ಷರೀಫರು ಬದುಕಿದ್ದದ್ದು 1819ರಿಂದ 1889ರವರೆಗೆ, ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ. ಅವರ ಪದಗಳು ಉಳಿದದ್ದು ಬಾಯಿಂದ ಬಾಯಿಗೆ, ಭಜನೆಯ ಮೇಳಗಳಲ್ಲಿ. ಅವರ ಸ್ವಂತ ದನಿ ಹೇಗಿತ್ತೆಂದು ಹೇಳುವ ಯಾವ ತಟ್ಟೆಯೂ ಇಲ್ಲ. ಇಂದು ಬಹುಮಂದಿ ‘ಮೂಲ’ವೆಂದು ತಿಳಿದಿರುವ ಧಾಟಿ ಅಶ್ವಥ್ ಅವರು ಸಂಯೋಜಿಸಿದ್ದು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರದ ಮೂಲಕ ಅದು ಮನೆಮನೆಗೂ ಮುಟ್ಟಿತು. ಅಂದರೆ ಕವಿ ತೀರಿಕೊಂಡು ಸುಮಾರು ನೂರು ವರ್ಷಗಳ ನಂತರದ ಧಾಟಿ.

ಅದಕ್ಕೂ ಹಿಂದೆ ಪಿ. ಕಾಳಿಂಗರಾಯರು (1914–1981) ಇದ್ದರು. ನಾಟಕ, ಸಿನಿಮಾಗಳ ಅನುಭವವನ್ನು ಬೆನ್ನಿಗಿಟ್ಟುಕೊಂಡು ಜನಪದ ಗೀತೆ, ವಚನ, ದೇವರನಾಮ, ನವೋದಯದ ಕವಿತೆ ಎಲ್ಲವನ್ನೂ ಒಂದೇ ವೇದಿಕೆಗೆ ತಂದವರು. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಕವಿತೆಯನ್ನು ಕೇಳುವ ರೂಢಿಯೇ ಬದಲಾಯಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ಅವರು ‘ಕನ್ನಡವೇ ಸತ್ಯ’ ನಡೆಸಿದಾಗ ಭಾವಗೀತೆಗೆ ಜನಸಾಗರವೇ ಸೇರಿತು. ರಾಗ ಹಾಕಿದರೆ ಕವಿತೆ ಕೆಡುತ್ತದೆ ಎಂಬ ಮಾತು ಈ ದಾರಿಯುದ್ದಕ್ಕೂ ಇತ್ತು. ಅಂದು ಹೊಸದೆನಿಸಿದ್ದು ಇಂದಿನ ಕೇಳುಗರಿಗೆ ಪರಂಪರೆ.

ವಾದ್ಯಗಳ ಕತೆಯೂ ಇದೇ. ಭಜನೆ ಮನೆಯಲ್ಲಿ ದೇವರ ಪಟದಷ್ಟೇ ಸಹಜವಾಗಿ ಕುಳಿತಿರುವ ಹಾರ್ಮೋನಿಯಂ ಯೂರೋಪಿನಿಂದ ಬಂದದ್ದು. ನಮ್ಮ ಸಂಗೀತದ ಸೂಕ್ಷ್ಮ ಶ್ರುತಿಗಳು, ಗಮಕಗಳು ಅದರಲ್ಲಿ ನುಡಿಯವು ಎಂಬ ಕಾರಣಕ್ಕೆ ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತ್ತು. ನಿಷೇಧ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು. ರೇಡಿಯೊ ಹೊರಗಿಟ್ಟ ವಾದ್ಯವನ್ನು ಹಳ್ಳಿ ಬಿಟ್ಟುಕೊಡಲಿಲ್ಲ. ಪಿಟೀಲೂ ಹಾಗೆಯೇ. ಅದು ಪರದೇಶದ್ದೆಂದು ಕರ್ನಾಟಕ ಸಂಗೀತದ ಕಚೇರಿಯಲ್ಲಿ ಇಂದು ಯಾರೂ ನೆನೆಯುವುದಿಲ್ಲ. ಹಾರ್ಮೋನಿಯಮ್ಮನ್ನು ಒಪ್ಪಿದ ಕಿವಿ ಗಿಟಾರಿಗೆ ಮುನಿಯುತ್ತದೆಂದರೆ ಅದು ಕಾಯುತ್ತಿರುವುದು ಪರಂಪರೆಗಿಂತ ಹೆಚ್ಚಾಗಿ ತನ್ನ ಬಾಲ್ಯದ ಸದ್ದನ್ನು.

ನ್ಯಾಶ್‌ವಿಲ್‌ನಲ್ಲಿ ನಡೆದದ್ದು

ಇದು ಕನ್ನಡದವರ ಜಗಳ ಮಾತ್ರವಲ್ಲ. ಅಮೆರಿಕದ ‘ಕಂಟ್ರಿ’ ಎಂಬುದು ಅಲ್ಲಿನ ಹಳ್ಳಿಗರ, ದನಗಾಹಿಗಳ ಬದುಕಿನ ಹಾಡು. ‘ಸೈಕೆಡೆಲಿಕ್’ ಎಂಬುದು 1960ರ ದಶಕದ ನಗರದ ಯುವಕರದು: ದನಿ ಅಲೆಅಲೆಯಾಗಿ ಕರಗುವಂತೆ, ಮತ್ತು ಬಂದವರ ಕನಸಿನಂತೆ ಕೇಳಿಸುವ ರಾಕ್. ಅದರ ಹುಟ್ಟಿನಲ್ಲಿ ಮಾದಕ ವಸ್ತುವಿನ ಪಾಲೂ ಇತ್ತು, ರವಿಶಂಕರರ ಸಿತಾರಿನ ಪಾಲೂ ಇತ್ತು. ‘ದ ಬರ್ಡ್ಸ್’ ಎಂಬ ತಂಡ 1966ರಲ್ಲಿ ಮಾಡಿದ ಇಂಥದ್ದೊಂದು ಹಾಡಿಗೆ ರವಿಶಂಕರರೂ ಸ್ಫೂರ್ತಿಯಾಗಿದ್ದರು.

ಅದೇ ತಂಡ 1968ರಲ್ಲಿ ಕಂಟ್ರಿ ಹಾಡಿನತ್ತ ಹೊರಳಿತು. ಆ ವರ್ಷದ ಮಾರ್ಚಿಯಲ್ಲಿ ಕಂಟ್ರಿ ಸಂಗೀತದ ಗುಡಿಯೆನಿಸಿದ ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ವೇದಿಕೆ ಹತ್ತಿದಾಗ ಸಭಿಕರಲ್ಲಿ ಕೆಲವರು ಗೇಲಿ ಮಾಡಿದರು. ಉದ್ದ ಕೂದಲಿನ ಈ ಹುಡುಗರಿಗೆ ನಮ್ಮ ಹಾಡೇಕೆ ಎಂಬ ಸಿಟ್ಟು. ಇತ್ತ ರಾಕ್ ಕೇಳುಗರಿಗೂ ರುಚಿಸಲಿಲ್ಲ. ಆ ವರ್ಷದ ಅವರ ಆಲ್ಬಂ ಅಮೆರಿಕದ ಪಟ್ಟಿಯಲ್ಲಿ 77ನೇ ಸ್ಥಾನ ದಾಟಲಿಲ್ಲ. ಅದರಲ್ಲಿ ಹಾಡಿದ್ದ ಗ್ರ್ಯಾಮ್ ಪಾರ್ಸನ್ಸ್ ತಂಡ ಬಿಟ್ಟು, ‘ಫ್ಲೈಯಿಂಗ್ ಬರಿಟೊ ಬ್ರದರ್ಸ್’ ಎಂಬ ಹೊಸ ತಂಡ ಕಟ್ಟಿ, 1969ರಲ್ಲಿ ಚೊಚ್ಚಲ ಆಲ್ಬಂ ತಂದರು. ಹಳ್ಳಿಯ ಸ್ಟೀಲ್ ಗಿಟಾರಿಗೆ ರಾಕ್‌ನ ಒಡಕು ದನಿ ಸೇರಿಸಿದ ಈ ಆಲ್ಬಂ 164ನೇ ಸ್ಥಾನಕ್ಕೆ ನಿಂತಿತು. ಕಂಟ್ರಿ ಗಾಯಕರಂತೆ ಕಸೂತಿಯ ಕೋಟು ತೊಟ್ಟರೂ ಪಾರ್ಸನ್ಸ್ ಅದರ ಮೇಲೆ ಗಾಂಜಾ ಎಲೆ, ಗಸಗಸೆ ಹೂವು ಹೊಲಿಸಿಕೊಂಡಿದ್ದರು. ಅವರು ತೀರಿಕೊಂಡದ್ದು 1973ರಲ್ಲಿ, 26ನೇ ವಯಸ್ಸಿಗೆ. ಇಂದು ಈ ಎರಡು ಆಲ್ಬಂಗಳನ್ನೂ ಕಂಟ್ರಿ ರಾಕ್‌ನ ಬುನಾದಿಯೆಂದು ವಿಮರ್ಶಕರು ಹೇಳುತ್ತಾರೆ. ಹಳೆಯ ಸದ್ದನ್ನೇ ಬಯಸಿ ಹಾಡುವ ಈಗಿನ ತಂಡಗಳಿಗೆ ಅವೇ ಮಾದರಿ.

ಎರಡೂ ಕಡೆಯವರಿಂದ ಬೈಸಿಕೊಂಡದ್ದು ಎರಡು ತಲೆಮಾರಿನ ಹೊತ್ತಿಗೆ ‘ಮೂಲ’ವಾಗುತ್ತದೆ. ಹಾಗೆಂದು ಬೈಸಿಕೊಂಡದ್ದೆಲ್ಲ ಉಳಿಯುತ್ತದೆಂದಲ್ಲ. ಹಳೆಯದರ ಒಡಲನ್ನು ಬಲ್ಲವರು ಹೊಸದನ್ನು ಸೇರಿಸಿದರೆ ಉಳಿಯುವ ಸಾಧ್ಯತೆ ಹೆಚ್ಚು.

ಗಣೆಯ ದನಿ

ಇಷ್ಟೆಲ್ಲ ಜಗಳದ ನಡುವೆ ಶಿರಾ ಮತ್ತು ಪಾವಗಡ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಇನ್ನೊಂದು ಸಂಗೀತವಿದೆ. ಅದರ ಬಗ್ಗೆ ಜಗಳವಿಲ್ಲ.

ಕಾಡುಗೊಲ್ಲರ ಸಾಂಸ್ಕೃತಿಕ ವೀರ ಜುಂಜಪ್ಪ. ದನಗಾಹಿಯಾಗಿ ಬಾಳಿ ದೈವವಾದವನು. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವನ ನೆಲೆಯಾದ ಜುಂಜಪ್ಪನ ಗುಡ್ಡೆಯಿದೆ. ಅವನ ಕಥೆಯನ್ನು ಹಾಡುವುದು ಗಣೆಯ ಜೊತೆಯಲ್ಲಿ. ಗಣೆಯೆಂದರೆ ಸುಮಾರು ಮೂರು ಅಡಿ ಉದ್ದದ ಬಿದಿರಿನ ಕೊಳಲು. ಊದುತ್ತಲೇ ಹಾಡಲು ಬಾರದು. ಒಂದಿಷ್ಟು ಊದಿ, ಒಂದಿಷ್ಟು ಹಾಡಿ, ಮತ್ತೆ ಊದಬೇಕು. ಅದನ್ನು ನುಡಿಸಲು ದೊಡ್ಡ ದಮ್ಮು ಬೇಕು, ಕಥೆ ನಡೆಸಲು ದೊಡ್ಡ ನೆನಪು ಬೇಕು. ಹಟ್ಟಿಯವರಿಗೆ ಗಣೆ ಬರೀ ವಾದ್ಯವಲ್ಲ, ಪೂಜೆಗೆ ಸಲ್ಲುವ ವಸ್ತು.

ಹಂಪಿಯ ಕನ್ನಡ ವಿಶ್ವವಿದ್ಯಾಲಯ 1990ರ ದಶಕದಲ್ಲಿ ಜುಂಜಪ್ಪನ ಕಾವ್ಯವನ್ನು ಅಚ್ಚು ಹಾಕಿಸಿತು. ಎಚ್.ಎಲ್. ನಾಗೇಗೌಡರು ಕಟ್ಟಿದ ಕರ್ನಾಟಕ ಜಾನಪದ ಪರಿಷತ್ತು ರಾಮನಗರದ ಬಳಿಯ ಜಾನಪದ ಲೋಕದಲ್ಲಿ ನಾಡಿನ ಹಾಡುಗಳ ಧ್ವನಿಮುದ್ರಣಗಳನ್ನು ಕೂಡಿಟ್ಟಿದೆ. ಪುಸ್ತಕದಲ್ಲಿ ಪದ ಉಳಿಯುತ್ತದೆ, ಮುದ್ರಣದಲ್ಲಿ ದನಿ ಉಳಿಯುತ್ತದೆ. ಆದರೆ ಗಣೆ ಊದುವ ದಮ್ಮು ಉಳಿಯಬೇಕಾದರೆ ಹಟ್ಟಿಯ ಹುಡುಗನೊಬ್ಬ ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯಲೇಬೇಕು. ದನ ಮೇಯಿಸುವ ಕಸುಬು ಬಿಟ್ಟು ಬೆಂಗಳೂರಿನ ಬಸ್ಸು ಹತ್ತುವ ಹುಡುಗನಿಗೆ ಅಷ್ಟು ಪುರಸೊತ್ತು ಎಲ್ಲಿ?

ಷರೀಫರ ಪದ ಹಾರ್ಮೋನಿಯಮ್ಮಿಗೆ ಹೊಂದುತ್ತದೋ ಗಿಟಾರಿಗೋ ಎಂದು ಜನ ಇನ್ನೂ ಕಾದಾಡುತ್ತಿದ್ದಾರೆ. ಆ ಪದ ಇನ್ನೂ ಹತ್ತಾರು ಬಾಯಿಗಳಲ್ಲಿ ಇದೆ ಎಂಬುದಕ್ಕೆ ಅದೇ ಸಾಕ್ಷಿ. ಗಣೆಯ ಬಗ್ಗೆ ಪೇಟೆಯಲ್ಲಿ ಯಾರೂ ಕಾದಾಡುವುದಿಲ್ಲ, ಕೇಳಿದವರೇ ಕಡಿಮೆ. ಇಲ್ಲಿ ಹೊಸ ವಾದ್ಯದ ಜೊತೆಗೆ ಕೂಡಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಆಲ್ಬಂ ಕೊಳ್ಳುವವರಲ್ಲ, ಹಟ್ಟಿಯವರು. ಷರೀಫರ ಪದ ದಾರಿಹೋಕನೂ ಎತ್ತಿಕೊಂಡು ಹಾಡಬಹುದಾದ್ದು. ಗಣೆ ದೈವದ ಸೊತ್ತು.

‘ಮೂಲವೇ ಚೆನ್ನಾಗಿತ್ತು’ ಎನ್ನುವ ಕೇಳುಗರು ಈ ಸೀಮೆಯಲ್ಲಿ ಮೂಲವನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಊರಿನ ಭಜನೆ ಮನೆಯಲ್ಲಿ ಒಂದು ರಾತ್ರಿ ಕೂತು ಸೊಲ್ಲಿಗೆ ಸೊಲ್ಲು ಸೇರಿಸಬಹುದು. ಕಳುವರಹಳ್ಳಿಗೆ ಹೋಗಿ, ಹಿರಿಯರೊಬ್ಬರು ಗಣೆ ಎತ್ತಿಕೊಂಡು ಕಥೆ ಆರಂಭಿಸಿದರೆ ಬೆಳಗಿನವರೆಗೂ ಎದ್ದು ಹೋಗದೆ ಕೇಳಬಹುದು. ಗಿಟಾರಿನ ತಕರಾರನ್ನು ಆಮೇಲೆ ಮುಂದುವರಿಸಿದರೂ ಆದೀತು.