ಓಡುವಾಗಲೇ ಆಫ್ ಆಗುವ ಕಾರು: ಬಿಲ್ ಕಟ್ಟುವ ಮೊದಲು ಕಾರಣ ಕೇಳಿ

ಮಳೆಗಾಲ ಮುಗಿಯುತ್ತಿದ್ದಂತೆ ನಮ್ಮ ಕಡೆಯ ಗ್ಯಾರೇಜ್‌ಗಳಲ್ಲಿ ಪದೇ ಪದೇ ಕೇಳಿಬರುವ ದೂರು ಒಂದುಂಟು. "ಓಡ್ತಾ ಓಡ್ತಾ ಕಾರು ಆಫ್ ಆಗ್ತದೆ, ಸ್ವಲ್ಪ ಹೊತ್ತು ಬಿಟ್ರೆ ಪುನಃ ಸ್ಟಾರ್ಟ್ ಆಗ್ತದೆ." ಗಲ್ಫ್‌ನಲ್ಲಿ ದುಡಿಯುವವರ ಮನೆಯ ಕಾರುಗಳು ಇದರಲ್ಲಿ ಕಡಿಮೆಯಿಲ್ಲ. ವರ್ಷದ ಹತ್ತು ತಿಂಗಳು ಪೋರ್ಟಿಕೋದಲ್ಲಿ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ, ಟ್ಯಾಂಕಿನ ಪೆಟ್ರೋಲ್ ಹಳಸುತ್ತದೆ, ಬಾನೆಟ್ ಒಳಗೆ ಇಲಿ ಸಂಸಾರ ಹೂಡುತ್ತದೆ. ಮನೆಯವರು ರಜೆಯಲ್ಲಿ ಬಂದು ಮದುವೆ, ಆಸ್ಪತ್ರೆ, ಸಂಬಂಧಿಕರ ಮನೆ ಅಂತ ಓಡಾಡುವಾಗ ನಂತೂರಿನ ನಡುವೆಯೇ ಕಾರು ನಿಂತುಬಿಡುತ್ತದೆ. ರಜೆಯ ದಿನ ಎಣಿಸುತ್ತಿರುವವರು ಸರ್ವಿಸ್ ಸೆಂಟರ್‌ನವರು ಹೇಳಿದ ಮೊತ್ತಕ್ಕೆ "ಮಾಡಿಬಿಡಿ ಮಾರಾಯ್ರೆ" ಅನ್ನುತ್ತಾರೆ. ಹಣ ಹೋಗುವುದು ಅಲ್ಲೇ.

ನಮಗೆ ಗೊತ್ತಿರುವ ಒಂದು ಮನೆಯ ವಿಷಯ ಹೇಳುತ್ತೇವೆ. ಗಂಡ ಜುಬೈಲ್‌ನಲ್ಲಿದ್ದಾರೆ, ಇಲ್ಲಿ ಮಕ್ಕಳನ್ನು ಶಾಲೆಗೆ ಬಿಡುವುದು, ಉಮ್ಮನನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವುದು ಹೆಂಡತಿ. ಒಂದೇ ವಾರದಲ್ಲಿ ಕಾರು ಮೂರು ಸಲ ನಿಂತಿತು, ಒಂದು ಸಲ ತೊಕ್ಕೊಟ್ಟು ಬಳಿ ಹೆದ್ದಾರಿಯಲ್ಲಿ, ಹಿಂದೆ ಲಾರಿ. ಡೀಲರ್ ಸರ್ವಿಸ್ ಸೆಂಟರ್‌ನಲ್ಲಿ ಫ್ಯುಯೆಲ್ ಪಂಪ್ ಬದಲಿಸಿ ಹದಿನಾಲ್ಕು ಸಾವಿರ ತೆಗೆದುಕೊಂಡರು. ಎಂಟು ದಿನಕ್ಕೆ ಪುನಃ ಅದೇ ಕತೆ. ಈ ಸಲ "ಇಸಿಎಂ ಹೋಗಿದೆ, ನಲವತ್ತಾರು ಸಾವಿರ ಆಗ್ತದೆ" ಎಂದರು. ಅದನ್ನು ಎದುರಿಗಿದ್ದ ಆಕೆಗೆ ಹೇಳಲಿಲ್ಲ, ಜುಬೈಲ್‌ಗೆ ವಾಟ್ಸ್‌ಆ್ಯಪ್ ಕರೆ ಮಾಡಿ ಗಂಡನಿಗೆ ಹೇಳಿದರು! ಆಕೆಯ ತಮ್ಮ ಹೋಗಿ ಎರಡೇ ಪ್ರಶ್ನೆ ಕೇಳಿದ: ಸ್ಕ್ಯಾನರ್‌ನಲ್ಲಿ ಯಾವ ಕೋಡ್ ಬಂತು? ಪಂಪ್ ಹಾಳಾಗಿತ್ತು ಎನ್ನುವುದಕ್ಕೆ ಪ್ರೆಶರ್ ನೋಡಿದ್ದೀರಾ? ಬರವಣಿಗೆಯಲ್ಲಿ ಉತ್ತರ ಬರಲಿಲ್ಲ. ಕೊನೆಗೆ ಒಬ್ಬ ಆಟೋ ಎಲೆಕ್ಟ್ರಿಷಿಯನ್ ಎರಡು ಗಂಟೆ ವೈರಿಂಗ್ ಹಿಡಿದು ಅಲುಗಾಡಿಸಿ, ಕ್ರ್ಯಾಂಕ್ ಸೆನ್ಸರ್‌ಗೆ ಹೋಗುವ ವೈರನ್ನು ಇಲಿ ಅರ್ಧ ಕಡಿದಿರುವುದನ್ನು ಹುಡುಕಿದ. ಖರ್ಚು ಎರಡು ಸಾವಿರದ ಇನ್ನೂರು.

ಹಾಗಂತ ಡೀಲರ್‌ಗಳೆಲ್ಲ ಮೋಸಗಾರರು, ಹೊರಗಿನ ಗ್ಯಾರೇಜೇ ಒಳ್ಳೆಯದು ಅಂತ ನಾವು ಹೇಳುವುದಿಲ್ಲ. ಕಾರು ವಾರಂಟಿಯಲ್ಲಿದ್ದರೆ ಹೊರಗೆ ವೈರ್ ಕತ್ತರಿಸಲು ಬಿಡಲೇಬಾರದು, ಡೀಲರ್ ಬಳಿಯೇ ಹೋಗಬೇಕು. ಆದರೆ ಇಲಿ ಕಡಿದದ್ದಕ್ಕೆ ವಾರಂಟಿ ಸಿಗುವುದಿಲ್ಲ. ಕಷ್ಟ ಏನೆಂದರೆ, ಕಾರು ಆಫ್ ಆಗುವುದಕ್ಕೆ ಕಾರಣ ಹತ್ತಾರು. ಹುಡುಕುವ ಬದಲು ಒಂದೊಂದೇ ಪಾರ್ಟ್ ಬದಲಿಸಿ ನೋಡುವುದು ಅವರಿಗೆ ಸುಲಭ, ನಮಗೆ ದುಬಾರಿ.

ಕಾರಣ ಹಿಡಿಯಲು ಮಾಲಿಕ ಹೇಳುವ ವಿವರವೇ ಅರ್ಧ ಕೆಲಸ. ಸಿಗ್ನಲ್‌ನಲ್ಲಿ ಕಾಲು ತೆಗೆದಾಗ ಮಾತ್ರ ಆಫ್ ಆಗುತ್ತದಾ? ಹಾಗಾದರೆ ಮೊದಲು ಥ್ರಾಟಲ್ ಬಾಡಿಯ ಮಸಿ ನೋಡಬೇಕು, ಅದು ಹೆಚ್ಚಾಗಿ ಕ್ಲೀನಿಂಗ್‌ನಲ್ಲೇ ಮುಗಿಯುತ್ತದೆ. ಇಂಜಿನ್ ಬಿಸಿಯಾದ ಮೇಲೆ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆಗುತ್ತದಾ? ಕ್ರ್ಯಾಂಕ್ ಸೆನ್ಸರ್ ಅಥವಾ ಪಂಪ್ ಮೇಲೆ ಸಂಶಯ. ಚಡಾವಿನಲ್ಲಿ ಜರ್ಕ್ ಹೊಡೆದು ನಿಲ್ಲುವುದಾದರೆ ಇಂಧನ ಸಾಕಷ್ಟು ಬರುತ್ತಿಲ್ಲ, ಡೀಸೆಲ್ ಗಾಡಿಯಾದರೆ ಫಿಲ್ಟರ್‌ನಲ್ಲಿ ನೀರಿರಬಹುದು. ಡ್ಯಾಶ್‌ಬೋರ್ಡ್‌ನ ಎಲ್ಲ ಲೈಟ್ ಒಟ್ಟಿಗೆ ಆರಿದರೆ ಬ್ಯಾಟರಿ ಟರ್ಮಿನಲ್, ಅರ್ತ್ ವೈರ್. ಸ್ಕ್ಯಾನರ್ ತೋರಿಸುವ ಕೋಡ್ ಕೂಡ ಕೊನೆಯ ತೀರ್ಪಲ್ಲ. ಪಿ0335 ಎಂದು ಬಂದರೆ ಕ್ರ್ಯಾಂಕ್ ಸೆನ್ಸರ್‌ನ ಸರ್ಕ್ಯೂಟ್‌ನಲ್ಲಿ ತೊಂದರೆ ಎಂದರ್ಥ. ಅದು ಸೆನ್ಸರ್ ಇರಬಹುದು, ವೈರ್ ಇರಬಹುದು, ಕನೆಕ್ಟರ್ ಇರಬಹುದು.

ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಆಫ್ ಆದರೆ ಒಂದು ಮಾತು ನೆನಪಿರಲಿ. ಇಂಜಿನ್ ನಿಂತರೂ ಬ್ರೇಕ್ ಒಂದೆರಡು ಸಲ ಮೆತ್ತಗೆ ಹಿಡಿಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಆದ್ದರಿಂದ ಪದೇ ಪದೇ ತುಳಿಯದೆ ಒಂದೇ ಸಲ ಬಲವಾಗಿ ಒತ್ತಿ ಹಿಡಿಯಬೇಕು. ಸ್ಟೇರಿಂಗ್ ಭಾರವಾಗುತ್ತದೆ, ಹೆದರಬೇಡಿ. ಕಾರು ಪೂರ್ತಿ ನಿಲ್ಲುವ ಮೊದಲು ಕೀ ತೆಗೆಯಲೇಬಾರದು, ಸ್ಟೇರಿಂಗ್ ಲಾಕ್ ಆಗಿಬಿಡುತ್ತದೆ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033.

ಇನ್ನು ದುಡ್ಡಿನ ವಿಷಯ. ಕಾರು ಬಿಡುವಾಗ ಜಾಬ್ ಕಾರ್ಡ್‌ನಲ್ಲಿ "ಜನರಲ್ ಚೆಕಪ್" ಅಂತ ಬರೆಸಬೇಡಿ. "ಬಿಸಿಯಾದಾಗ ಓಡುತ್ತಾ ಆಫ್ ಆಗುತ್ತದೆ, ಕಾರಣ ಹುಡುಕಿ ತಿಳಿಸಿ, ಒಪ್ಪಿಗೆ ಇಲ್ಲದೆ ಪಾರ್ಟ್ ಹಾಕಬೇಡಿ" ಎಂದೇ ಬರೆಸಿ. ಎಸ್ಟಿಮೇಟ್‌ನಲ್ಲಿ ಪಾರ್ಟ್ ಬೇರೆ, ಲೇಬರ್ ಬೇರೆ ಇರಲಿ. ಜೆನ್ಯೂನ್ ಪಾರ್ಟ್‌ನ ಪ್ಯಾಕೆಟ್ ಮೇಲೆ ಎಂಆರ್‌ಪಿ ಇರುತ್ತದೆ, ತೋರಿಸಿ ಎನ್ನಿ. ಬದಲಿಸಿದ ಹಳೆ ಪಾರ್ಟ್ ವಾಪಸ್ ಕೇಳಿ, ಹೊಸದಕ್ಕೆ ಎಷ್ಟು ತಿಂಗಳ ವಾರಂಟಿ ಎಂದು ಬಿಲ್‌ನಲ್ಲೇ ಬರೆಸಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ.18ಕ್ಕೆ ಇಳಿದಿದೆ, ಬಿಲ್‌ನಲ್ಲಿ ಈಗಲೂ 28 ಕಂಡರೆ ಪ್ರಶ್ನಿಸಿ. ಆಫ್ ಆಗುವ ಕಾರಿಗೆ ಆ್ಯಂಟಿ ರಸ್ಟ್ ಕೋಟಿಂಗ್ ಯಾಕೆ ಎಂದೂ ಕೇಳಬಹುದು!

ನಮ್ಮವರ ಒಂದು ಅಭ್ಯಾಸವನ್ನೂ ಇಲ್ಲಿ ಹೇಳಬೇಕು. ಗ್ಯಾರೇಜ್ ಇಟ್ಟಿರುವ ನಮ್ಮ ಹುಡುಗರ ಬಳಿ ಹೋದರೆ "ಸುಮ್ನೆ ಒಮ್ಮೆ ನೋಡು" ಅನ್ನುತ್ತೇವೆ. ಎರಡು ಗಂಟೆ ತಲೆಕೆಡಿಸಿಕೊಂಡು ತಪ್ಪು ಹಿಡಿದವನಿಗೆ "ಒಂದು ವೈರ್ ಜಾಯಿಂಟ್ ಮಾಡಿದ್ದಕ್ಕೆ ಇಷ್ಟಾ?" ಎಂದು ಚೌಕಾಶಿ. ಹುಡುಕಿದ್ದಕ್ಕೆ ದುಡ್ಡು ಸಿಗುವುದಿಲ್ಲ ಎಂದು ಗೊತ್ತಾದವನು ಅದನ್ನು ಪಾರ್ಟ್‌ನ ಬೆಲೆಗೆ ಸೇರಿಸುತ್ತಾನೆ ಅಷ್ಟೆ. ಕೂಲಿ ಎಷ್ಟೆಂದು ಕೆಲಸಕ್ಕೆ ಮೊದಲೇ ಗೊತ್ತಿರಬೇಕು ಎನ್ನುವುದು ಫಿಕ್ಹ್‌ನಲ್ಲಿ ಇಜಾರ ಒಪ್ಪಂದದ ಷರತ್ತು, ಮದ್ರಸದಲ್ಲಿ ಓದಿದವರಿಗೆ ಹೊಸದೇನಲ್ಲ. ಹುಡುಕಲು ಇಷ್ಟು, ರಿಪೇರಿಗೆ ಇಷ್ಟು ಎಂದು ಮೊದಲೇ ಮಾತಾಡಿಕೊಂಡರೆ ಇಬ್ಬರಿಗೂ ಸಮಾಧಾನ.

ಕೆಲವೊಮ್ಮೆ ನಾವು ಒಂದು ಪೈಸೆಯೂ ಕೊಡಬೇಕಿರುವುದಿಲ್ಲ. 2019ರ ಜುಲೈ ಕೊನೆಯಿಂದ ನವೆಂಬರ್ 1ರ ನಡುವೆ ತಯಾರಾದ 11,851 ಬಲೆನೋ ಮತ್ತು 4,190 ವ್ಯಾಗನ್ಆರ್ ಕಾರುಗಳನ್ನು ಮಾರುತಿ ಸುಝುಕಿ 2024ರ ಮಾರ್ಚ್‌ನಲ್ಲಿ ವಾಪಸ್ ಕರೆಯಿತು. ಫ್ಯುಯೆಲ್ ಪಂಪ್ ಮೋಟಾರ್‌ನ ದೋಷದಿಂದ ಇಂಜಿನ್ ನಿಲ್ಲಬಹುದು ಎನ್ನುವುದೇ ಕಾರಣ. ಅದೇ ವರ್ಷ ಹೋಂಡಾ ಕೂಡ ತನ್ನ 90,468 ಹಳೆ ಕಾರುಗಳ ಪಂಪ್ ಬದಲಿಸಿಕೊಡುವುದಾಗಿ ಹೇಳಿತು. ಎರಡೂ ಉಚಿತ. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಕಂಪೆನಿಯ ಪತ್ರ ತಲುಪಿರುವುದಿಲ್ಲ, ಏಕೆಂದರೆ ವಿಳಾಸ ಮೊದಲ ಮಾಲಿಕನದ್ದು. ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಕಂಪೆನಿಯ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿದರೆ ಗೊತ್ತಾಗುತ್ತದೆ. ಪಂಪ್‌ಗೆ ದುಡ್ಡು ಕೊಡುವ ಮೊದಲು ಈ ಐದು ನಿಮಿಷದ ಕೆಲಸ ಮಾಡಿ.

ದುಡ್ಡು ಕೊಟ್ಟೂ ತೊಂದರೆ ಸರಿಯಾಗದಿದ್ದರೆ ಮೊದಲು ಸರ್ವಿಸ್ ಮ್ಯಾನೇಜರ್‌ಗೆ, ಆಮೇಲೆ ಕಂಪೆನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಹಾಕಿ. ಫೋನ್ ಮಾತು ದಾಖಲೆಯಾಗಿ ಉಳಿಯುವುದಿಲ್ಲ. ಕೇಂದ್ರ ಸರಕಾರದ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಎರಡು ವರ್ಷದೊಳಗೆ ದೂರು ಕೊಡಬೇಕು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಬೇಕೆಂದೇನೂ ಇಲ್ಲ. ಸರ್ವಿಸ್ ಸೆಂಟರ್ ಬೆಂಗಳೂರಿನಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲೇ ದೂರು ಹಾಕಲು 2019ರ ಕಾನೂನು ಅವಕಾಶ ಕೊಟ್ಟಿದೆ. ಮೇಲೆ ಹೇಳಿದ ಮನೆಯವರು ಪಂಪ್‌ನ ಹಣ ವಾಪಸ್ ಕೇಳಿ ಇಮೇಲ್ ಕಳಿಸಿದ್ದಾರೆ. ಎಲೆಕ್ಟ್ರಿಷಿಯನ್‌ನ ಬಿಲ್, ಕಡಿದ ವೈರಿನ ಫೋಟೋ ಎರಡೂ ಜೋಪಾನವಾಗಿ ಇಟ್ಟಿದ್ದಾರೆ. ಇದನ್ನು ಬರೆಯುವವರೆಗೆ ಉತ್ತರ ಬಂದಿಲ್ಲ.

ವಿದೇಶದಲ್ಲಿರುವವರು ಊರಿಗೆ ಬರುವ ಹದಿನೈದು ದಿನ ಮೊದಲೇ ಮನೆಯಲ್ಲಿ ಹೇಳಿ ಕಾರಿನ ಬಾನೆಟ್ ತೆರೆಸಿ ವೈರಿಂಗ್, ಬ್ಯಾಟರಿ ನೋಡಿಸಿ, ಸ್ವಲ್ಪ ಹೊಸ ಪೆಟ್ರೋಲ್ ಹಾಕಿಸಿ. ಸರ್ವಿಸ್ ಸೆಂಟರ್‌ನಿಂದ ವಾಟ್ಸ್‌ಆ್ಯಪ್ ಕರೆ ಬಂದರೆ ಎಸ್ಟಿಮೇಟ್‌ನ ಫೋಟೋ ಕಳಿಸಲು ಹೇಳಿ, ಮಾತುಕತೆಯನ್ನು ಅಲ್ಲಿ ಎದುರಿಗೆ ನಿಂತಿರುವ ನಿಮ್ಮ ಮನೆಯವರೊಂದಿಗೇ ಮಾಡಲು ಹೇಳಿ. ಕಾರು ನಿಂತಾಗ ಒಳಗಿದ್ದವರು ಅವರು, ಅದು ಹೇಗೆ ನಿಂತಿತು ಎಂದು ಗೊತ್ತಿರುವುದೂ ಅವರಿಗೇ.